ದಕ್ಕೆಯ ನಷ್ಟವನ್ನೂ ಲೆಕ್ಕಕ್ಕೆ ಬರೆಯಿರಿ

ಕರಾವಳಿಯ ಬಂದರು, ಅಳಿವೆ, ಜಲಮಾರ್ಗಗಳ ಯೋಜನೆ ರೂಪಿಸುವ ಎಂಜಿನಿಯರುಗಳಿಗೂ ಅಧಿಕಾರಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮಲ್ಲಿ ಕೆಲವರು ದಿಲ್ಲಿಯಲ್ಲಿದ್ದೀರಿ, ಕೆಲವರು ಬೆಂಗಳೂರಿನಲ್ಲಿ, ಇನ್ನು ಕೆಲವರು ಇಲ್ಲೇ ಪಣಂಬೂರಿನಲ್ಲಿ. ನಿಮ್ಮ ಕಡತಗಳೂ ಹಾಗೆಯೇ ಹಂಚಿಹೋಗಿವೆ. ಹೂಳೆತ್ತುವುದಕ್ಕೆ ಒಂದು ಕಡತ, ಕರಾವಳಿ ಸರಕಿನ ಬರ್ತಿಗೆ ಒಂದು, ರಾಷ್ಟ್ರೀಯ ಜಲಮಾರ್ಗಕ್ಕೆ ಒಂದು, ವಾಟರ್ ಮೆಟ್ರೊಗೆ ಒಂದು, ಹೊಳೆದಂಡೆಯ ನಡೆದಾರಿಗೆ ಒಂದು, ಕಡಲ್ಕೊರೆತಕ್ಕೆ ಮತ್ತೊಂದು. ಇವೆಲ್ಲ ಕೊನೆಗೆ ಬಂದು ಸೇರುವ ಜಾಗ ಮಾತ್ರ ಒಂದೇ. ನೇತ್ರಾವತಿಯೂ ಗುರುಪುರ ಹೊಳೆಯೂ ಕೂಡಿ ಕಡಲಿಗೆ ಬೀಳುವ ಅಳಿವೆಬಾಗಿಲು, ಅದರ ಒಳಗಿರುವ ಮಂಗಳೂರಿನ ಹಳೆ ಬಂದರಿನ ದಕ್ಕೆ.

ನಾನು ಈ ದಕ್ಕೆಯ ಸಂಬಳ ತಿಂದವನು. ಲಕ್ಷದ್ವೀಪಕ್ಕೆ ಮಂಜಿ ಎಂಬ ಸರಕು ದೋಣಿಗಳಲ್ಲಿ ಸಾಮಾನು ಕಳಿಸುವ ಒಂದು ಏಜೆನ್ಸಿಯಲ್ಲಿ ಗುಮಾಸ್ತನಾಗಿದ್ದೆ. ನನ್ನ ತಂದೆಯೂ ಅದೇ ಕೆಲಸ ಮಾಡಿದವರು. ಎಷ್ಟು ಮೂಟೆ ಹತ್ತಿತು, ಎಷ್ಟು ನೆನೆಯಿತು, ಎಷ್ಟು ಕಡಿಮೆ ಬಿತ್ತು ಎಂದು ಬರೆದಿಡುವುದು ನಮ್ಮ ಪಾಲಿನ ಕೆಲಸ. ಲಾಭವನ್ನು ಒಬ್ಬರ ಪುಸ್ತಕದಲ್ಲೂ ನಷ್ಟವನ್ನು ಇನ್ನೊಬ್ಬರ ಪುಸ್ತಕದಲ್ಲೂ ಬರೆದರೆ ಅದಕ್ಕೆ ಲೆಕ್ಕ ಎಂಬ ಹೆಸರಿಲ್ಲ ಎಂದು ಕೆಲಸಕ್ಕೆ ಸೇರಿದ ಹುಡುಗರಿಗೆ ಮೊದಲೇ ಹೇಳಿಕೊಡುತ್ತಿದ್ದರು. ಈ ಪತ್ರದಲ್ಲಿ ನಾನು ಹೇಳುವುದೂ ಅದನ್ನೇ. ದೊಡ್ಡ ಹಡಗುಗಳ ವ್ಯಾಪಾರದಿಂದ ಬರುವ ಲಾಭ ಪಣಂಬೂರಿನ ಹೊಸ ಬಂದರಿನ ವರದಿಯಲ್ಲಿ ಅಚ್ಚಾಗುತ್ತದೆ. ಅದೇ ವ್ಯಾಪಾರದಿಂದ ಅಳಿವೆಗೆ, ದಕ್ಕೆಗೆ, ಬೆಂಗ್ರೆಗೆ, ಉಳ್ಳಾಲಕ್ಕೆ ಆಗುವ ನಷ್ಟ ಯಾರ ವರದಿಯಲ್ಲೂ ಕಾಣುವುದಿಲ್ಲ. ಎರಡನ್ನೂ ಒಂದೇ ಕಡೆ ಬರೆಯಿರಿ ಎಂದು ಕೇಳುವುದಕ್ಕೆ ಈ ಪತ್ರ.

ದಕ್ಕೆಯ ಹಳಮೆಯ ಬಗ್ಗೆ ಎರಡು ಮಾತು ಮೊದಲು ಹೇಳಿಬಿಡುತ್ತೇನೆ. 12ನೇ ಶತಮಾನದಲ್ಲಿ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಏಡನ್ ಕಡೆಯಿಂದ ಬಂದು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಅವನ ವ್ಯಾಪಾರದ ಪತ್ರಗಳು ಕೈರೋದ ಒಂದು ಸಿನಗಾಗಿನ ಕಾಗದದ ರಾಶಿಯಲ್ಲಿ ಸಿಕ್ಕವು. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಇಲ್ಲಿನ ದೊಡ್ಡ ಅಳಿವೆಯನ್ನೂ ಪರ್ಷಿಯ, ಯೆಮನ್‌ಗಳಿಂದ ಬರುತ್ತಿದ್ದ ವರ್ತಕರನ್ನೂ ಕಂಡು ಬರೆದ. ಗುರುಪುರ ಹೊಳೆಯೊಳಗೆ ಶತ್ರುಗಳ ಯುದ್ಧನೌಕೆ ನುಗ್ಗದಂತೆ ಟಿಪ್ಪು ಬೋಳೂರಿನಲ್ಲಿ ಕರಿಕಲ್ಲಿನ ಸುಲ್ತಾನ್ ಬತ್ತೇರಿ ಕಟ್ಟಿಸಿದ. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎರಡೂ ಹೊಳೆಗಳ ದಂಡೆಯಲ್ಲಿ ಹೊಗೆಗೂಡುಗಳು ಎದ್ದವು. ಜೇಡಿ ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ದೋಣಿಯಲ್ಲೇ ದಕ್ಕೆಗೆ ಹೋಗುತ್ತಿತ್ತು. ಕಾಫಿ, ಗೇರುಬೀಜ, ಹಂಚು ಈ ಮೂರು ಸಾಮಾನಿನ ಹೆಸರಲ್ಲಿ ಮಂಗಳೂರು ಹೊರದೇಶಗಳಿಗೆ ಪರಿಚಯವಾದದ್ದು ಈ ಹೊಳೆಬದಿಯಿಂದ.

ಆ ಕಾಲದಲ್ಲೂ ದೊಡ್ಡ ಹಡಗು ದಕ್ಕೆಗೆ ಬರುತ್ತಿರಲಿಲ್ಲ. ಅಳಿವೆಯ ಮರಳದಿಬ್ಬ ದಾಟುವಷ್ಟು ನೀರು ಇರುತ್ತಿರಲಿಲ್ಲ. ಉಗಿಹಡಗು ಹೊರಗಡಲಲ್ಲಿ ಲಂಗರು ಹಾಕಿ ನಿಲ್ಲುವುದು, ನಮ್ಮ ದೋಣಿಗಳು ಸರಕು ಹೊತ್ತು ಅಲ್ಲಿಗೆ ಹೋಗಿಬರುವುದು, ಇದು ಇಲ್ಲಿನ ಪದ್ಧತಿ. ಮೇ ತಿಂಗಳ ನಡುವಿನಲ್ಲಿ ಕಡಲು ಕೆರಳಿದರೆ ಸೆಪ್ಟೆಂಬರ್ ನಡುವಿನ ತನಕ ಬಂದರಿಗೆ ಬೀಗ. ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಊರಿಡೀ ದುಡಿಯುತ್ತಿತ್ತು. ಹಡಗಿನ ಗಾತ್ರಕ್ಕೆ ಹೊಳೆಯನ್ನು ಅಗೆಯುವ ಬದಲು ಹೊಳೆಯ ಗಾತ್ರಕ್ಕೆ ತಕ್ಕ ದೋಣಿ ಕಟ್ಟಿಕೊಂಡು ನೂರಾರು ವರ್ಷ ಈ ಬಂದರು ನಡೆಯಿತು.

ಆಮೇಲೆ ಬಂದದ್ದು ಪಣಂಬೂರು. 1962ರಲ್ಲಿ ಕೆಲಸ ಶುರುವಾಗಿ, 1974ರ ಮೇ 4ರಂದು ದೇಶದ ಒಂಬತ್ತನೇ ಪ್ರಮುಖ ಬಂದರು ಎಂದು ಘೋಷಣೆಯಾಗಿ, 1975ರ ಜನವರಿ 11ರಂದು ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾಯಿತು. ಮಳೆಗಾಲದಲ್ಲೂ ತೆರೆದಿರುವ ಬಂದರು ಕರ್ನಾಟಕಕ್ಕೆ ಬೇಕಿತ್ತು, ಸಿಕ್ಕಿತು. ಕುದುರೆಮುಖದ ಅದಿರು ಕೊಳವೆಯಲ್ಲಿ ಹರಿದು ಬಂದದ್ದು ಅಲ್ಲಿಗೆ. ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರದ ಕಚ್ಚಾತೈಲ ಇಳಿಯುವುದು ಅಲ್ಲಿ. ನಮ್ಮ ಅಡುಗೆಮನೆಯ ಗ್ಯಾಸ್, ವಿದ್ಯುತ್ತಿನ ಕಲ್ಲಿದ್ದಲು, ಕೊಡಗು ಚಿಕ್ಕಮಗಳೂರಿನ ಕಾಫಿಯ ಕಂಟೇನರು ಎಲ್ಲಕ್ಕೂ ಅದೇ ಬಾಗಿಲು. ಈಚಿನ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ 4 ಕೋಟಿ ಟನ್ನಿಗೂ ಹೆಚ್ಚು ಸರಕು ಇಳಿದು ಏರುತ್ತಿದೆ. ಇದನ್ನು ಬೇಡ ಎನ್ನುವಷ್ಟು ಮೂಢ ನಾನಲ್ಲ. ಹಳೆ ಬಂದರಿನ ಎಷ್ಟೋ ಮನೆಗಳ ಮಕ್ಕಳು ಪಣಂಬೂರಿನಲ್ಲಿ ಕೆಲಸ ಕಂಡುಕೊಂಡರು.

ಆದರೆ ಪಣಂಬೂರು ಬಂದದ್ದರಿಂದ ದಕ್ಕೆಯ ಕೆಲಸ ಮುಗಿಯಿತು ಎಂದು ನೀವು ತಿಳಿದುಕೊಂಡಿರುವುದು ನಿಮ್ಮ ನಕ್ಷೆಗಳಿಂದಲೇ ಗೊತ್ತಾಗುತ್ತದೆ. ಅಲ್ಲಿ ದಕ್ಕೆಯ ಜಾಗದಲ್ಲಿ ಒಂದೋ ಖಾಲಿ ಬಣ್ಣ, ಇಲ್ಲವೇ ಹಸಿರು ಬೆಂಚುಗಳ ಚಿತ್ರ. ದಯವಿಟ್ಟು ಒಮ್ಮೆ ಏಪ್ರಿಲ್ ಕೊನೆಯ ವಾರದಲ್ಲಿ ಬಂದು ನೋಡಿ. ದ್ವೀಪಗಳಿಗೆ ಮಳೆಗಾಲದ ನಾಲ್ಕು ತಿಂಗಳ ದಾಸ್ತಾನು ಹೋಗಬೇಕಾದ ಹೊತ್ತು ಅದು. ದಕ್ಕೆಯಿಂದ ಮಂಜಿಯ ಅಂಚಿಗೆ ಒಂದು ಹಲಗೆ ಹಾಕಿರುತ್ತಾರೆ. ಅಕ್ಕಿ, ನೀರುಳ್ಳಿ, ಬಟಾಟೆ, ಸಿಮೆಂಟು, ಜಲ್ಲಿ, ಬಾಳೆಗೊನೆ ಒಂದರ ಹಿಂದೆ ಒಂದು ತಲೆಯ ಮೇಲೆ ಏರಿ ಆ ಹಲಗೆಯ ಮೇಲೆ ಸಾಗುತ್ತವೆ. ಇಳಿತದಲ್ಲಿ ಮಂಜಿ ತಗ್ಗಿದರೆ ಹಲಗೆ ಕೆಳಮುಖವಾಗಿ ವಾಲುತ್ತದೆ. ಹೊರುವವನು ಹಿಮ್ಮಡಿಯ ಮೇಲೆ ಭಾರ ಬಿಟ್ಟು ಸಣ್ಣ ಸಣ್ಣ ಹೆಜ್ಜೆಯಲ್ಲಿ ಇಳಿಯುತ್ತಾನೆ. ಉಬ್ಬರದಲ್ಲಿ ಅದೇ ಹಲಗೆ ಮೇಲ್ಮುಖವಾಗುತ್ತದೆ. ಕೊನೆಗೆ ಆಡುಗಳನ್ನು ಹತ್ತಿಸುತ್ತಾರೆ, ಅವು ಹಲಗೆಯ ನಡುವೆ ನಿಂತು ಹಟ ಹಿಡಿಯುತ್ತವೆ. ಖಲಾಸಿಗಳು ಬೈಯುತ್ತಾರೆ. ಇದರಲ್ಲಿ ಚಂದ ಹುಡುಕಬೇಡಿ, ಇದು ಜನರ ಊಟದ ವಿಷಯ.

ದ್ವೀಪಗಳ ಜೊತೆ ಮಂಗಳೂರಿನ ನಂಟು ಬರೀ ವ್ಯಾಪಾರದ್ದಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇವು 1956ರ ನವೆಂಬರ್ ತನಕ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಅಲ್ಲಿಂದ ತೆಂಗಿನ ನಾರು ಇಲ್ಲಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಪಣಂಬೂರಿನ ಆಳದ ಬರ್ತುಗಳು ಮಂಜಿಗಳಿಗೆಂದು ಕಟ್ಟಿದವಲ್ಲ. ಹಾಗಾಗಿ ಆ ಕೆಲಸ ಈಗಲೂ ಹಳೆ ದಕ್ಕೆಯದೇ. ಅದರ ಪಕ್ಕದಲ್ಲಿ ಮೀನುಗಾರಿಕೆ ದಕ್ಕೆ. ಬೆಳಗಿನ ಜಾವ ಬೂತಾಯಿ, ಬಂಗುಡೆ, ಅಂಜಲ್ ಏಲಂ ಆಗುವುದು ಅಲ್ಲಿ. ಆಚೆ ದಡದ ಬೆಂಗ್ರೆಯಿಂದ ಶಾಲೆಯ ಮಕ್ಕಳೂ ಮೀನಿನ ಬುಟ್ಟಿಯ ಹೆಂಗಸರೂ ದಾಟಿಬರುವ ಫೆರಿ ಬೋಟುಗಳು ಅದೇ ನೀರಿನಲ್ಲಿ. ಟನ್ನಿನ ಲೆಕ್ಕದಲ್ಲಿ ಇದೆಲ್ಲ ಪಣಂಬೂರಿನ ಮುಂದೆ ಏನೂ ಅಲ್ಲ. ಹೊಟ್ಟೆಗಳ ಲೆಕ್ಕ ಹಿಡಿದರೆ ಬೇರೆ ಮಾತು.

ಈಗ ಅಳಿವೆಯ ವಿಷಯ. ನೀವು ಎಂಜಿನಿಯರುಗಳು, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬೋಟು ನಡೆಸುವ ತಾಂಡೇಲರು ಹೇಳುವ ರೀತಿಯಲ್ಲಿ ಕೇಳಿ. ದಿನಕ್ಕೆ ಎರಡು ಸಲ ಕಡಲು ಒಳಗೆ ಬರುತ್ತದೆ, ಎರಡು ಸಲ ಹೊರಗೆ ಹೋಗುತ್ತದೆ. ಹೋಗುವಾಗ ಬಾಗಿಲಿನ ಮರಳನ್ನು ಗುಡಿಸಿಕೊಂಡು ಹೋಗುತ್ತದೆ. ಒಳಗೆ ನೀರು ಹರಡಿಕೊಳ್ಳುವ ಜಾಗ ಎಷ್ಟಿದೆಯೋ ಅಷ್ಟು ಜೋರು ಈ ಗುಡಿಸುವಿಕೆ. ಒಳಗಿನ ಜಾಗವನ್ನು ಮಣ್ಣು ತುಂಬಿಸಿ ಕಿರಿದು ಮಾಡಿದರೆ ಬರುವ ನೀರು ಕಡಿಮೆ, ಹೋಗುವ ನೀರಿಗೆ ಕಸುವೂ ಕಡಿಮೆ. ಮೇಲಿನಿಂದ ಬರುವ ಹೊಳೆಯ ನೀರನ್ನು ಬೇಸಿಗೆಯಲ್ಲಿ ನೇತ್ರಾವತಿಗೆ ತುಂಬೆಯಲ್ಲಿ, ಗುರುಪುರ ಹೊಳೆಗೆ ಮರವೂರಿನಲ್ಲಿ ಕಿಂಡಿ ಅಣೆಕಟ್ಟು ಹಿಡಿದಿಡುತ್ತದೆ. ನಗರಕ್ಕೆ ಕುಡಿಯುವ ನೀರು ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಒಂದು ಇಲಾಖೆ ಮೇಲೆ ನೀರು ಹಿಡಿಯುತ್ತದೆ, ಇನ್ನೊಂದು ದಂಡೆಗೆ ಮಣ್ಣು ತುಂಬಿಸುತ್ತದೆ, ಮೂರನೆಯದು ಬಾಗಿಲಲ್ಲಿ ಹೂಳು ಬಿತ್ತು ಎಂದು ಡ್ರೆಜ್ಜರ್ ತರಿಸುತ್ತದೆ. ಮೂವರೂ ಒಂದೇ ಮೇಜಿನ ಸುತ್ತ ಕೂತದ್ದನ್ನು ದಕ್ಕೆಯವರು ಕಂಡಿಲ್ಲ.

ಅಳಿವೆಯ ಎರಡೂ ಬದಿಗೆ ಕಡಲೊಳಗೆ ಚಾಚಿದ ಕಲ್ಲಿನ ತಡೆಗೋಡೆಗಳಿವೆ. ಬೋಟುಗಳು ಅಲೆಗೆ ಸಿಕ್ಕದೆ ಒಳಗೆ ಬರಲಿ ಎಂದು ಕಟ್ಟಿದ್ದು, ಉಪಯೋಗವೂ ಆಗಿದೆ. ಆದರೆ ತೀರದುದ್ದಕ್ಕೂ ಸಾಗುವ ಮರಳಿಗೆ ಆ ಗೋಡೆಗಳು ಅಡ್ಡ. ಬೆಂಗ್ರೆಯ ಬದಿಯಲ್ಲಿ ಮರಳು ಕೂಡಿತು, ಉಳ್ಳಾಲದ ಬದಿಯಲ್ಲಿ ತೆಂಗು, ಮನೆ, ರಸ್ತೆ ಕಡಲಿಗೆ ಹೋದವು. ಉಳ್ಳಾಲದ ಕೊರೆತಕ್ಕೆ ತಜ್ಞರು ಹೇಳುವ ಕಾರಣಗಳಲ್ಲಿ ಈ ಗೋಡೆಯೂ ಒಂದು. ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ಉಳ್ಳಾಲದ ಕಡಲಿನಲ್ಲಿ ಅಲೆ ಮುರಿಯುವ ದಿಬ್ಬಗಳನ್ನು ಕಟ್ಟಬೇಕಾಯಿತು. ಗೋಡೆಯ ಖರ್ಚು ಒಂದು ಪುಸ್ತಕದಲ್ಲಿ ಬಂತು, ದಿಬ್ಬದ ಖರ್ಚು ಬೇರೊಂದರಲ್ಲಿ. ಎರಡನ್ನೂ ಮೊದಲೇ ಒಂದೇ ಪುಸ್ತಕದಲ್ಲಿ ಬರೆದಿದ್ದರೆ ಗೋಡೆ ಕಟ್ಟುವ ದಿನವೇ ಮರಳನ್ನು ಆಚೆ ದಾಟಿಸುವ ಏರ್ಪಾಟೂ ಆಗುತ್ತಿತ್ತು.

ಹೂಳಿನಿಂದ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸರಕು ತುಂಬಿದ ಮಂಜಿ ಇಳಿತದಲ್ಲಿ ಬಾಗಿಲು ದಾಟಲಾರದೆ ಮುಂದಿನ ಉಬ್ಬರಕ್ಕೆ ಕಾದು ನಿಲ್ಲುತ್ತಿತ್ತು. ಹೊತ್ತು ಏರಿದಂತೆ ಬಾಳೆಗೊನೆಯ ಬುಡ ಕಪ್ಪಾಗುತ್ತಿತ್ತು, ಆಡುಗಳಿಗೆ ಕೊಡುವ ನೀರು ಅಳೆದು ಕೊಡಬೇಕಾಗುತ್ತಿತ್ತು. ಹೊರಟ ಮೇಲೆ ತಳ ಮರಳಿಗೆ ತಾಗಿತು ಎಂದರೆ ಮಂಜಿ ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ಮಂಜಿಗೆ ಅಲೆ ಬದಿಯಿಂದ ಹೊಡೆಯುತ್ತದೆ. ಹಾಗೆ ತಾಗಿದ ಮೇಲೆ ಕಾಯಿ, ಮೂಟೆಗಳನ್ನು ನೀರಿಗೆ ಎಸೆದು ಮಂಜಿ ಉಳಿಸಿಕೊಂಡು ಬಂದವರ ಲೆಕ್ಕ ನನ್ನ ಕೈಯಲ್ಲೇ ಬರೆದಿದ್ದೇನೆ. ‘ಕಡಲಿಗೆ ಎಸೆದದ್ದು’ ಎಂಬ ಕಾಲಮಿಗೆ ಸರಕಾರದ ಯಾವ ನಮೂನೆಯಲ್ಲೂ ಜಾಗ ಇರಲಿಲ್ಲ.

ಇನ್ನು ಬಾಗಿಲಿನ ಹೊರಗೆ. ದೊಡ್ಡ ಹಡಗುಗಳು ಪಣಂಬೂರಿನ ಒಳಗೆ ಇರುವಾಗ ನಮಗೆ ತೊಂದರೆ ಕಡಿಮೆ. ಅವು ಮುಳುಗಿದಾಗ, ದಾರಿ ತಪ್ಪಿದಾಗ ಹೊರೆ ತೀರದವರದು. 2007ರ ಮಳೆಗಾಲದಲ್ಲಿ ಎರಿಟ್ರಿಯಾದ ಡೆನ್ ಡೆನ್ ಹಡಗು ಇಲ್ಲಿನ ಕಡಲಿನಲ್ಲಿ ಮುಳುಗಿತು. 2009ರ ಜುಲೈಯಲ್ಲಿ ಏಷಿಯನ್ ಫಾರೆಸ್ಟ್ ಎಂಬ ಹಡಗು ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಮಂಗಳೂರಿನಿಂದ ಹೊರಟು ದೂರ ಹೋಗುವ ಮೊದಲೇ ವಾಲಿ ಮುಳುಗಿತು. ಮಳೆಗೆ ನೆನೆದ ಅದಿರಿನ ಪುಡಿ ಹಡಗಿನ ಕುಲುಕಾಟಕ್ಕೆ ಕೆಸರಾಗಿ ಒಂದು ಬದಿಗೆ ಜಾರುತ್ತದೆ, ಜಾರಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಮಳೆಗಾಲದಲ್ಲೂ ತೆರೆದಿರುವ ಬಂದರಿಗೆ ಮಳೆಯಿಂದಲೇ ಬರುವ ಅಪಾಯ ಇದು.

2022ರ ಜೂನ್‌ನಲ್ಲಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಉಳ್ಳಾಲದ ಎದುರಿಗೆ ಬಂದು ತಳ ಊರಿತು. ಕೋಸ್ಟ್ ಗಾರ್ಡಿನವರು ಅದರಲ್ಲಿದ್ದ 15 ಸಿರಿಯನ್ ನಾವಿಕರನ್ನೂ ಜೀವಸಹಿತ ತಂದರು. ಅವರ ಧೈರ್ಯಕ್ಕೆ ಕೈ ಮುಗಿಯಬೇಕು. ಆ ಹಡಗಿನಲ್ಲಿ ಸುಮಾರು 8,000 ಟನ್ ಉಕ್ಕಿನ ಸುರುಳಿಗಳಿದ್ದವು. ಹೊರಟದ್ದು ಚೀನಾದಿಂದ, ಹೋಗಬೇಕಾಗಿದ್ದದ್ದು ಲೆಬನಾನಿಗೆ. ಅದರಲ್ಲಿ ಮಂಗಳೂರಿನವರದ್ದು ಒಂದು ಮೊಳೆಯೂ ಇರಲಿಲ್ಲ. ಆದರೂ ಅದರ ಟ್ಯಾಂಕಿನ ಎಣ್ಣೆ ಎಲ್ಲಿ ಸೋರುತ್ತದೋ ಎಂದು ಬಟಪಾಡಿ ತೀರದ ಜನ ಮಳೆಯಲ್ಲಿ ನಿಂತು ಕಡಲು ನೋಡಬೇಕಾಯಿತು. ಮುಳುಗಿದ ಹಡಗಿನ ಅವಶೇಷ ಮೀನಿಗೆ ಮನೆಯಾಗಬಹುದು, ಬಲೆಗೆ ಅದು ಗರಗಸ. ಬಲೆ ಹರಿದವನು ಯಾವ ದೇಶದ ಮಾಲೀಕನ ಹತ್ತಿರ ಹೋಗಿ ಕೇಳಬೇಕು?

ಡಿಕ್ಕಿಯ ಮಾತು ಇನ್ನೂ ಕಷ್ಟದ್ದು. ವ್ಯಾಪಾರಿ ಹಡಗುಗಳಿಗೂ ಮೀನುಗಾರಿಕೆ ಬೋಟುಗಳಿಗೂ ನೈಋತ್ಯ ಕಡಲಿನಲ್ಲಿ ಬೇರೆ ಬೇರೆ ದಾರಿ ಇರಬೇಕು ಎಂಬ ಏರ್ಪಾಟನ್ನು ಕೇಂದ್ರ ಸರಕಾರ 2020ರ ಆಗಸ್ಟ್ 1ರಿಂದ ಜಾರಿಗೆ ತಂತು. ಒಳ್ಳೆಯ ಕೆಲಸ. ಆದರೆ 2021ರ ಏಪ್ರಿಲ್ 13ರ ನಡುರಾತ್ರಿ ಕಳೆದ ಮೇಲೆ ಮಂಗಳೂರಿನ ಪಶ್ಚಿಮಕ್ಕೆ ದೂರದ ಕಡಲಿನಲ್ಲಿ ಸಿಂಗಪುರ ಧ್ವಜದ ಕಂಟೇನರ್ ಹಡಗಿಗೂ ಬೇಪೂರಿನಿಂದ ಹೊರಟಿದ್ದ ಮೀನುಗಾರಿಕೆ ಬೋಟಿಗೂ ಡಿಕ್ಕಿಯಾಯಿತು. ಬೋಟಿನಲ್ಲಿದ್ದ 14 ಜನರಲ್ಲಿ ಬದುಕಿ ಬಂದವರು ಇಬ್ಬರು. ಕಾಗದದ ಮೇಲಿನ ದಾರಿ ಬೋಟಿನ ಹುಡುಗನಿಗೆ ತಲುಪಿತ್ತೇ, ಹಡಗಿನ ಮೇಲೆ ಕಾವಲು ನಿಂತವನಿಗೆ ಬೋಟಿನ ದೀಪ ಕಂಡಿತ್ತೇ, ಇಂಥ ಪ್ರಶ್ನೆಗಳಿಗೆ ದಕ್ಕೆಯಲ್ಲಿ ಕೂತು ಉತ್ತರ ಹೇಳುವವರು ಬೇಕು.

ಕೇರಳವನ್ನು ನೋಡಿ. 2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿಯ ಹೊರಗೆ ನೂರಾರು ಕಂಟೇನರುಗಳೊಂದಿಗೆ ಮುಳುಗಿತು. ಅವುಗಳಲ್ಲಿದ್ದ ಪ್ಲಾಸ್ಟಿಕ್ ಕಾಳುಗಳು ತಿರುವನಂತಪುರದ ತೀರದ ತನಕ ಬಂದು ಬಿದ್ದವು. ಎರಡು ವಾರ ಕಳೆದ ಮೇಲೆ, ಜೂನ್ 9ರಂದು, ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ಬೆಂಕಿ ಬಿತ್ತು. ಅದರ 22 ನಾವಿಕರಲ್ಲಿ 18 ಮಂದಿಯನ್ನು ನೌಕಾಪಡೆ ಕರೆತಂದದ್ದು ಪಣಂಬೂರಿಗೆ, ಗಾಯಗೊಂಡವರಿಗೆ ಚಿಕಿತ್ಸೆ ಆದದ್ದು ಮಂಗಳೂರಿನಲ್ಲಿ. ಎಲ್ಸಾ 3ರ ವಿಷಯದಲ್ಲಿ ಕೇರಳ ಸರಕಾರ ಸುಮ್ಮನೆ ಕೂರಲಿಲ್ಲ. ಪರಿಸರಕ್ಕೆ ಆದದ್ದೆಷ್ಟು, ಮೀನುಗಾರರಿಗೆ ಆದದ್ದೆಷ್ಟು ಎಂದು ಪಟ್ಟಿ ಮಾಡಿ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಆ ಮೊತ್ತದಲ್ಲಿ ಎಷ್ಟು ಸಿಕ್ಕುತ್ತದೋ ಬೇರೆ ಮಾತು. ಹಡಗಿನ ಗಾತ್ರಕ್ಕೆ ತಕ್ಕಂತೆ ಮಾಲೀಕರ ಹೊಣೆಗೆ ಮಿತಿ ಹಾಕುವ ಕಾನೂನೂ ಇದೆ. ಕೇಳುವುದಕ್ಕಾದರೂ ಮೊದಲು ಲೆಕ್ಕ ಬೇಕು. ನಾಳೆ ನಮ್ಮ ಅಳಿವೆಯ ಎದುರು ಅಂಥದೊಂದು ಆದರೆ ಯಾವ ಪಟ್ಟಿ ಹಿಡಿದು ನಾವು ಕೋರ್ಟಿಗೆ ಹೋಗುತ್ತೇವೆ? ಬೆಂಗ್ರೆಯಲ್ಲಿ ಎಷ್ಟು ಮನೆ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಬದುಕುತ್ತಿವೆ, ಒಂದು ದಿನ ದಕ್ಕೆ ಮುಚ್ಚಿದರೆ ಐಸ್ ಪ್ಲಾಂಟಿನವನಿಂದ ಮೀನು ಮಾರುವ ಹೆಂಗಸಿನ ತನಕ ಯಾರಿಗೆ ಎಷ್ಟು ಹೋಗುತ್ತದೆ ಎಂಬ ಒಂದು ಪುಟ ಸರಕಾರದ ಕೈಯಲ್ಲಿ ಇರಬೇಕಲ್ಲವೇ?

ಈಗ ದೊಡ್ಡ ಸಂಚಾರ ಹೊಳೆಯ ಒಳಕ್ಕೂ ಬರುತ್ತಿದೆ. 2016ರ ಕಾಯ್ದೆಯಲ್ಲಿ ಗುರುಪುರ ಹೊಳೆ ರಾಷ್ಟ್ರೀಯ ಜಲಮಾರ್ಗ 43, ನೇತ್ರಾವತಿ ರಾಷ್ಟ್ರೀಯ ಜಲಮಾರ್ಗ 74. ವಾಟರ್ ಮೆಟ್ರೊ ಪ್ರಸ್ತಾವವೂ ಇದೆ. ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಬೆವರುವ ಊರಿಗೆ ಹೊಳೆಯ ದಾರಿ ಒಳ್ಳೆಯದೇ. ಹಿಂದಿನವರು ಹಾಗೆಯೇ ಓಡಾಡಿದ್ದು. ಆದರೆ ವೇಗದ ಬೋಟು ಎಬ್ಬಿಸುವ ಅಲೆ ದಡ ಮುಟ್ಟುವ ತನಕ ಸುಮ್ಮನಾಗುವುದಿಲ್ಲ. ಅದು ಕಾಂಡ್ಲ ಗಿಡದ ಬೇರಿನ ಮಣ್ಣು ತೊಳೆಯುತ್ತದೆ, ದಕ್ಕೆಯ ಹಳೆ ಕಲ್ಲಿನ ಸಂದಿಯ ಗಾರೆ ಕೀಳುತ್ತದೆ, ಸೊಂಟದ ತನಕ ನೀರಲ್ಲಿ ನಿಂತು ಮರುವಾಯಿ ಹೆಕ್ಕುವವರನ್ನು ಅಲುಗಿಸುತ್ತದೆ. ಮಕ್ಕಳು ತುಂಬಿದ ಫೆರಿ ಬೋಟಿನ ಬದಿಗೆ ಅಂಥ ಅಲೆ ಬಡಿದಾಗ ಒಳಗಿದ್ದವರೆಲ್ಲ ಒಮ್ಮೆಲೇ ಒಂದು ಕಡೆಗೆ ಸರಿಯುವುದನ್ನು ನಾನು ನೋಡಿದ್ದೇನೆ. ಬೋಟು ಮಗುಚುವುದು ಅಲೆಗಿಂತಲೂ ಹೆಚ್ಚಾಗಿ ಆ ಸರಿಯುವಿಕೆಯಿಂದ.

ದಕ್ಕೆಯವರ ತಪ್ಪೇ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಎಂಜಿನಿನ ಕೊಳೆ ಎಣ್ಣೆ ಹೊಳೆಗೆ ಸುರಿಯುವುದು, ಹರಿದ ನೈಲಾನ್ ಬಲೆ ನೀರಿಗೆ ಎಸೆಯುವುದು, ಥರ್ಮಕೋಲು, ಪ್ಲಾಸ್ಟಿಕ್ಕು ದಡದಲ್ಲೇ ಬಿಡುವುದು, ಸಾಲಿನ ಮೇಲೆ ಸಾಲು ಬೋಟು ಕಟ್ಟಿ ದಾರಿ ಮುಚ್ಚುವುದು, ಇವೆಲ್ಲ ದಕ್ಕೆಯೊಳಗಿನವರ ಕೈಯಿಂದಲೇ ಆಗುವ ಕೆಲಸ. ನಷ್ಟದ ಪುಟ ತೆರೆದಾಗ ಇವನ್ನೂ ಬರೆಯಿರಿ. ಕೊಳೆ ಎಣ್ಣೆ ಕೊಡಲು ದಕ್ಕೆಯಲ್ಲಿ ಒಂದು ಟ್ಯಾಂಕ್ ಇಡಿ, ತಂದುಕೊಟ್ಟವನಿಗೆ ಲೀಟರಿಗೆ ಇಷ್ಟು ಎಂದು ಕೊಡಿ. ಸುರಿದವನಿಗೆ ದಂಡ ಹಾಕಿ. ಕೊಡುವ ಜಾಗವೇ ಇಲ್ಲದೆ ದಂಡ ಮಾತ್ರ ಹಾಕಿದರೆ ಸುರಿಯುವ ಹೊತ್ತು ಹಗಲಿನಿಂದ ರಾತ್ರಿಗೆ ಹೋಗುತ್ತದೆ, ಅಷ್ಟೇ.

ನಿಮ್ಮಲ್ಲಿ ನನ್ನ ಬೇಡಿಕೆಗಳು ಇವು.

ಒಂದು: ಅಳಿವೆಗೆ ಸಂಬಂಧಪಟ್ಟ ವಿವರ ಯೋಜನಾ ವರದಿ (ಡಿಪಿಆರ್) ಯಾವ ಇಲಾಖೆಯದ್ದೇ ಇರಲಿ, ಅದರಲ್ಲಿ ನಷ್ಟದ ಅಧ್ಯಾಯ ಕಡ್ಡಾಯವಾಗಲಿ. ಯಾರ ಕಸುಬಿಗೆ, ಯಾವ ತೀರಕ್ಕೆ, ಎಷ್ಟು ವರ್ಷ, ಅದನ್ನು ತುಂಬಿಕೊಡುವವರು ಯಾರು ಎಂದು ಹೆಸರಿಸಿ ಬರೆಯಿರಿ. ಹಳೆ ಬಂದರು ರಾಜ್ಯದ ಮಾರಿಟೈಮ್ ಬೋರ್ಡಿನದು, ಪಣಂಬೂರು ಕೇಂದ್ರದ್ದು. ಅಲೆಗೆ ಈ ಗಡಿ ಗೊತ್ತಿಲ್ಲವಾದ್ದರಿಂದ ಈ ಅಧ್ಯಾಯಕ್ಕೆ ಇಬ್ಬರ ಸಹಿಯೂ ಬೇಕು. 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯ್ದೆ ಸಾಮಾಜಿಕ ಹೊಣೆಗೆ ಹಣ ಬಳಸಲು ಅವಕಾಶ ಕೊಟ್ಟಿದೆ. ಅದರ ಒಂದು ಪಾಲು ಅಳಿವೆಗೆ ಬರಲಿ.

ಎರಡು: ಹೂಳೆತ್ತುವುದನ್ನು ಮನವಿ ಬಂದಾಗ ಮಾಡುವ ಉಪಕಾರವಾಗಿ ನೋಡಬೇಡಿ. ಪ್ರತಿವರ್ಷ ಸೆಪ್ಟೆಂಬರಿಗೆ ಮೊದಲು ಆಳ ಅಳೆದು, ಆ ಅಂಕಿಯನ್ನು ದಕ್ಕೆಯಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಬೋರ್ಡು ಬರೆದು ಹಾಕಿ. ತೆಗೆದ ಮರಳು ಪರೀಕ್ಷೆಯಲ್ಲಿ ಶುದ್ಧವೆಂದು ಕಂಡರೆ ಅದನ್ನು ಕೊರೆತದ ತೀರಕ್ಕೆ ಹಾಕಿ.

ಮೂರು: ಈ ಕಡಲಿನಲ್ಲಿ ಮುಳುಗಿರುವ ಹಡಗುಗಳ ಪಟ್ಟಿ, ಅವು ಇರುವ ಜಾಗ, ತೆಗೆಯುವ ಹೊಣೆ ಯಾರದು, ವಿಮೆ ಯಾರದು ಎಂಬುದನ್ನು ಪ್ರಕಟಿಸಿ. ಅವಶೇಷ ತೆಗೆಯುವುದು ಮಾಲೀಕನ ಹೊಣೆ ಎನ್ನುವ ನೈರೋಬಿ ಒಪ್ಪಂದ 2015ರಿಂದ ಜಾರಿಯಲ್ಲಿದೆ, ಭಾರತವೂ ಅದರಲ್ಲಿ ಸೇರಿದೆ. ಬಲೆ ಹರಿದವನು ದೂರು ಕೊಡಲು ಒಂದೇ ಕಿಟಕಿ ಇರಲಿ.

ನಾಲ್ಕು: ದೂರ ಹೋಗುವ ಬೋಟುಗಳಿಗೆಲ್ಲ, ಎದುರಿನ ಹಡಗಿನ ಪರದೆಯಲ್ಲಿ ಕಾಣುವಂಥ ಎಐಎಸ್ ಉಪಕರಣವನ್ನು ಸಹಾಯಧನದಲ್ಲಿ ಕೊಡಿ. ಹಡಗು ದಾರಿಯ ನಕ್ಷೆಯನ್ನು ಬೋಟಿನವರ ಭಾಷೆಗಳಲ್ಲಿ ಅಚ್ಚು ಹಾಕಿಸಿ. ಇಂದು ನಮ್ಮ ಬೋಟುಗಳಲ್ಲಿ ದುಡಿಯುವ ಎಷ್ಟೋ ಹುಡುಗರು ಆಂಧ್ರ, ಒಡಿಶಾ, ತಮಿಳುನಾಡಿನವರು, ಕನ್ನಡವೊಂದೇ ಸಾಲದು.

ಐದು: ಜಲಮಾರ್ಗ ಶುರುವಾಗುವ ಮೊದಲೇ ಹೊಳೆಯಲ್ಲಿ ವೇಗದ ಮಿತಿ ಗೊತ್ತುಮಾಡಿ. ಬೆಂಗ್ರೆಯ ಫೆರಿ ದಾಟುವ ಜಾಗದಲ್ಲಿ, ಮರುವಾಯಿ ಹೆಕ್ಕುವ ಜಾಗದಲ್ಲಿ ಆ ಮಿತಿ ಇನ್ನೂ ಕಡಿಮೆ ಇರಲಿ. ವಾಟರ್ ಮೆಟ್ರೊ ಬಂದರೆ ಫೆರಿ ನಡೆಸುವವರಿಗೆ ಅದರಲ್ಲಿ ಮೊದಲ ಕೆಲಸ ಕೊಡಿ.

ಆರು: ದಕ್ಕೆಯನ್ನು ದುಡಿಯುವ ಪರಂಪರೆಯ ತಾಣವೆಂದು ಗುರುತಿಸಿ. ಕಲ್ಲಿನ ದಂಡೆ, ಹಂಚಿನ ಮಾಡಿನ ಗೋದಾಮುಗಳನ್ನು ದುರಸ್ತಿ ಮಾಡಿ, ಅಲ್ಲಿ ಈಗ ನಡೆಯುವ ವ್ಯಾಪಾರವೇ ಮುಂದುವರಿಯಲಿ. ವಾಯುವಿಹಾರಕ್ಕೆ ಬರುವವರಿಗೂ ಜಾಗ ಮಾಡೋಣ. ಮೂಟೆ ಹೊರುವವನನ್ನು ಓಡಿಸಿ ಮೂಟೆ ಹೊರುವವನ ಪ್ರತಿಮೆ ನಿಲ್ಲಿಸುವುದು ಮಾತ್ರ ಬೇಡ.

ಏಳು: ಜನರ ಅಹವಾಲು ಕೇಳುವ ಸಭೆಯನ್ನು ಜೂನ್ ಅಥವಾ ಜುಲೈಯಲ್ಲಿ ಕರೆಯಿರಿ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ ಆ 61 ದಿನಗಳಲ್ಲಿ ತಾಂಡೇಲರು ದಡದಲ್ಲಿರುತ್ತಾರೆ. ಅಕ್ಟೋಬರದ ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಭೆ ಕರೆದು, ಯಾರೂ ಬರಲಿಲ್ಲ, ಆಕ್ಷೇಪಣೆ ಇಲ್ಲ ಎಂದು ಬರೆದುಕೊಳ್ಳುವುದು ನ್ಯಾಯವಲ್ಲ. ಸಭೆ ದಕ್ಕೆಯಲ್ಲೇ ನಡೆಯಲಿ, ವರದಿಯ ಕನ್ನಡ ಸಾರಾಂಶ ತಿಂಗಳ ಮುಂಚೆ ಜನರ ಕೈಗೆ ಸಿಗಲಿ.

ಇವುಗಳಲ್ಲಿ ಹೊಸ ಕಾನೂನು ಬೇಕಾದದ್ದು ಬಹಳ ಕಡಿಮೆ, ಕೋಟಿಗಟ್ಟಲೆ ಹಣ ಬೇಕಾದದ್ದು ಒಂದೆರಡು. ಉಳಿದವಕ್ಕೆ ಬೇಕಾದದ್ದು ಬೇರೆ ಬೇರೆ ಕಚೇರಿಗಳಲ್ಲಿರುವ ನೀವು ಒಂದೇ ಅಳಿವೆಗೆ ಕೆಲಸ ಮಾಡುತ್ತಿದ್ದೀರಿ ಎಂದು ಒಪ್ಪಿಕೊಳ್ಳುವುದು. ಮುಂದಿನ ನಿಷೇಧದ ಅವಧಿಯೊಳಗೆ ಮೊದಲ ಸಭೆಯ ದಿನಾಂಕ ತಿಳಿಸಬೇಕೆಂದು ವಿನಂತಿ. ಹಳೆ ಲೆಕ್ಕದ ವಿಷಯದಲ್ಲಿ ನನ್ನಿಂದ ಏನಾದರೂ ಉಪಯೋಗವಾಗುವುದಾದರೆ ಬಂದು ಕೂತು ಹೇಳಲು ಸಿದ್ಧನಿದ್ದೇನೆ.

ಇತಿ ಗೌರವಪೂರ್ವಕವಾಗಿ,
ತಮ್ಮ ವಿಶ್ವಾಸಿ,
ಹಳೆ ಬಂದರಿನ ಒಬ್ಬ ನಿವೃತ್ತ ಗುಮಾಸ್ತ
ಮಂಗಳೂರು